ಜಾಲತಾಣಕ್ಕೊಂದು ನೆಲೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಡುಗಿಯೊಬ್ಬಳು ಅಣ್ಣನ ಮೊಬೈಲನ್ನು ಕೈಯಲ್ಲಿ ಹಿಡಿದು ಕುಳಿತಿದ್ದಾಳೆಂದು ಭಾವಿಸೋಣ. ಗೊತ್ತುಪಡಿಸಿದ ಗಂಟೆಯಾಗುತ್ತಲೇ ಅವಳು ತನ್ನ ನೋಂದಣಿ ಸಂಖ್ಯೆಯನ್ನು ಒತ್ತುತ್ತಾಳೆ. ಪರದೆಯ ನಡುವೆ ಪುಟ್ಟ ಚಕ್ರವೊಂದು ತಿರುಗತೊಡಗುತ್ತದೆ, ತಿರುಗುತ್ತಲೇ ಇರುತ್ತದೆ. ಅಣ್ಣನು ಮೊಬೈಲು ಹಳೆಯದಾಯಿತೆಂದು ಬೈಯುತ್ತಾನೆ. ತಾಯಿಯು “ಇನ್ನೊಮ್ಮೆ ಒತ್ತಿ ನೋಡವ್ವಾ” ಎನ್ನುತ್ತಾಳೆ. ಹುಡುಗಿ ಇನ್ನೊಮ್ಮೆ ಒತ್ತುತ್ತಾಳೆ. ಮತ್ತೂ ಒಮ್ಮೆ ಒತ್ತುತ್ತಾಳೆ.

ತಪ್ಪು ಮೊಬೈಲಿನದಲ್ಲ. ನೂರಾರು ಮೈಲಿ ದೂರದ ತಂಪು ಕೋಣೆಯೊಂದರಲ್ಲಿ ನಿಂತಿರುವ ಯಂತ್ರವೊಂದನ್ನು ಆ ಗಳಿಗೆಯಲ್ಲಿ ನಾಡಿನ ಮೂಲೆಮೂಲೆಯಿಂದ ಲಕ್ಷಾಂತರ ಮಂದಿ ಒಟ್ಟಿಗೆ ಕೂಗಿ ಕರೆಯುತ್ತಿದ್ದಾರೆ. ಹುಡುಗಿಯ ಕರೆಯೂ ಆ ಸಾಲಿನಲ್ಲಿ ನಿಂತಿದೆ. ತಾಯಿಯ ಮಾತು ಸಹಜವಾದುದೇ. ಆದರೆ ಒತ್ತಿದ ಪ್ರತಿಸಲವೂ ಸಾಲು ಮತ್ತಷ್ಟು ಉದ್ದವಾಗುತ್ತದೆ. ಆ ಯಂತ್ರವನ್ನು ಆರಿಸಿದವರು ಈ ದಿನವನ್ನು ಮೊದಲೇ ನೆನೆದಿದ್ದರೇ, ಇಲ್ಲವೇ ಎಂಬುದರ ಮೇಲೆ ಅವಳ ಆ ಹೊತ್ತಿನ ನೆಮ್ಮದಿ ನಿಂತಿದೆ.

ಇಂತಹ ಯಂತ್ರಕ್ಕೆ ‘ಸರ್ವರ್’ ಎಂದು ಹೆಸರು. ಸೇವೆ ಮಾಡುವವನು, ಬಡಿಸುವವನು ಎಂಬುದು ಆ ಮಾತಿನ ಮೂಲಾರ್ಥ. ಕನ್ನಡದಲ್ಲಿ ‘ಸರ್ವರು’ ಎಂದರೆ ಎಲ್ಲರೂ ಎಂದಾಗುತ್ತದೆ. ಎಲ್ಲರಿಗೂ ಬಡಿಸಬೇಕಾದ ಯಂತ್ರಕ್ಕೆ ಈ ಅರ್ಥವೂ ಒಪ್ಪುವಂತಿದೆ. ಸರ್ವರ್ ಮೂಲತಃ ಒಂದು ಗಣಕಯಂತ್ರವೇ. ಆದರೆ ಮೇಜಿನ ಮೇಲಿನ ಗಣಕಯಂತ್ರವು ಒಬ್ಬರ ಮಾತನ್ನು ಕೇಳಿದರೆ, ಸರ್ವರ್ ಹಗಲಿರುಳು ನಿಲ್ಲದೆ ಸಾವಿರಾರು ಜನರ ಕರೆಗೆ ಓಗೊಡುತ್ತದೆ. ಜಾಲತಾಣವೊಂದರ ಬರಹ, ಚಿತ್ರ, ಅಂಕಪಟ್ಟಿ ಎಲ್ಲವೂ ಅದರಲ್ಲಿ ತುಂಬಿರುತ್ತವೆ. ಯಾರಾದರೂ ತಾಣದ ವಿಳಾಸವನ್ನು ಬರೆದು ಒತ್ತಿದಾಗ ಆ ಕರೆ ಗಾಜಿನ ಎಳೆಗಳ ಮೂಲಕ ಸರ್ವರನ್ನು ಮುಟ್ಟುತ್ತದೆ. ಅದು ಬೇಕಾದ ಪುಟವನ್ನು ಹುಡುಕಿ ಹಿಂದಕ್ಕೆ ಕಳುಹಿಸುತ್ತದೆ.

ಜಾಲತಾಣಕ್ಕೆ ನೆಲೆಯನ್ನು ಬಗೆಬಗೆಯಾಗಿ ಒದಗಿಸಬಹುದು. ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳು ಒಟ್ಟಿಗೆ ಇರುವುದುಂಟು. ಇದು ಧರ್ಮಶಾಲೆಯ ವಾಸದಂತೆ: ಖರ್ಚು ತೀರ ಕಡಿಮೆ, ಆದರೆ ಪಕ್ಕದವರ ಮನೆಗೆ ದಿಬ್ಬಣ ಬಂದರೆ ಇತರರಿಗೆ ನೀರು ಸಾಲದು. ಒಂದೇ ಯಂತ್ರವನ್ನು ತಂತ್ರಾಂಶದ ಗೋಡೆಗಳಿಂದ ವಿಭಾಗಿಸಿ, ಪ್ರತಿಯೊಬ್ಬರಿಗೂ ಇಂತಿಷ್ಟು ಪಾಲೆಂದು ಗೊತ್ತುಮಾಡಿ ಕೊಡುವುದು ಇನ್ನೊಂದು ರೀತಿ. ಇದು ವಠಾರದ ಮನೆ. ಇಡೀ ಯಂತ್ರವನ್ನೇ ಒಬ್ಬರಿಗೆ ಬಿಟ್ಟುಕೊಟ್ಟರೆ ಅದು ಮೀಸಲು ಸರ್ವರ್. ಅಲ್ಲಿ ನೆರೆಯವರ ಕಾಟವಿಲ್ಲ. ಹಾಗೆಯೇ ಸೂರು ಸೋರಿದರೆ ಸರಿಪಡಿಸುವ ಹೊಣೆಯನ್ನು ಹಂಚಿಕೊಳ್ಳಲು ನೆರೆಯವರೂ ಇಲ್ಲ.

ಮೀಸಲು ಸರ್ವರ್ ಎಂದೊಡನೆ ಅದೇ ಎಲ್ಲರಿಗೂ ಉತ್ತಮವೆಂದು ಬಗೆಯಬಾರದು. ಭಾಲ್ಕಿಯ ಪ್ರೌಢಶಾಲೆಯೊಂದು ತನ್ನ ವಾರ್ಷಿಕೋತ್ಸವದ ಚಿತ್ರಗಳನ್ನೂ ರಜಾದಿನಗಳ ಪಟ್ಟಿಯನ್ನೂ ಜಾಲತಾಣದಲ್ಲಿ ಹಾಕಬೇಕೆಂದಿದ್ದರೆ ಧರ್ಮಶಾಲೆಯ ಮೂಲೆಯೊಂದು ಧಾರಾಳವಾಗಿ ಸಾಕು. ದಿನಕ್ಕೆ ನೂರು ಜನ ನೋಡುವ ತಾಣಕ್ಕೆ ಮೀಸಲು ಸರ್ವರ್ ಕೊಳ್ಳುವುದು, ಒಂದು ಚೀಲ ತೊಗರಿಯನ್ನು ಪೇಟೆಗೆ ಸಾಗಿಸಲು ಲಾರಿ ಕೊಂಡಂತೆ. ಎಷ್ಟು ದೊಡ್ಡ ಯಂತ್ರ ಸಿಗುತ್ತದೆ ಎಂಬ ಪ್ರಶ್ನೆ ಆಮೇಲಿನದು. ಯಾವ ಕೆಲಸಕ್ಕಾಗಿ, ಎಲ್ಲಿ, ಯಾರಿಗಾಗಿ ಎಂಬ ಪ್ರಶ್ನೆ ಮೊದಲಿನದು.

ಈ ಮೊದಲನೆಯ ಪ್ರಶ್ನೆಯ ತೂಕವನ್ನು ಕರ್ನಾಟಕವು ‘ಭೂಮಿ’ ಯೋಜನೆಯಲ್ಲಿ ಅನುಭವದಿಂದ ಕಂಡುಕೊಂಡಿತು. ರೈತನಿಗೆ ಪಹಣಿ ಎಷ್ಟು ಮುಖ್ಯವೆಂಬುದು ಹಳ್ಳಿಯ ಮಕ್ಕಳಿಗೆ ತಿಳಿದ ಸಂಗತಿ. ಬೆಳೆಸಾಲಕ್ಕೆ ಪಹಣಿ ಬೇಕು, ಬೆಳೆವಿಮೆಗೆ ಬೇಕು, ಜಾಮೀನು ನಿಲ್ಲುವುದಕ್ಕೂ ಬೇಕು. ಹಿಂದೆ ಈ ದಾಖಲೆಗಳು ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದವು. ಅವರನ್ನು ಹುಡುಕಿಕೊಂಡು ಹೋಗಿ ದಿನಗಟ್ಟಲೆ ಕಾಯುವುದು ರೈತರ ಪಾಡಾಗಿತ್ತು. ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಪ್ರಯತ್ನ 1991ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಪ್ರಾಯೋಗಿಕವಾಗಿ ಆರಂಭವಾಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೆ ತಾಲ್ಲೂಕುಗಳಲ್ಲಿ ಯಂತ್ರಗಳನ್ನಿಡಲು ಅವಕಾಶವನ್ನೇ ಕಲ್ಪಿಸಿರಲಿಲ್ಲ. ಜಮೀನು ಮಾರಾಟವಾದಾಗ, ಅಣ್ಣತಮ್ಮಂದಿರಲ್ಲಿ ಪಾಲಾದಾಗ ಖಾತೆ ಬದಲಾಗುವುದು ತಾಲ್ಲೂಕಿನಲ್ಲಿ, ಯಂತ್ರವಿದ್ದದ್ದು ಬೇರೆಡೆಯಲ್ಲಿ. ಹೀಗಾಗಿ ಕಾಗದದ ಮೇಲಿನ ದಾಖಲೆ ಮುಂದೆ ಸಾಗುತ್ತಿತ್ತು, ಯಂತ್ರದೊಳಗಿನ ದಾಖಲೆ ಹಿಂದೆ ಉಳಿಯುತ್ತಿತ್ತು. ಯಂತ್ರ ಕೆಟ್ಟುದಲ್ಲ, ಅದರ ನೆಲೆ ತಪ್ಪಾಗಿತ್ತು.

‘ಭೂಮಿ’ ಯೋಜನೆಯನ್ನು ಕಂದಾಯ ಇಲಾಖೆ ಕೈಗೆತ್ತಿಕೊಂಡಾಗ ಈ ಪಾಠ ಕಣ್ಣೆದುರಿಗೇ ಇದ್ದಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರು ಯೋಜನೆಯನ್ನು ಮುನ್ನಡೆಸಿದರು, ಎನ್.ಐ.ಸಿ. ಸಂಸ್ಥೆಯು ತಂತ್ರಾಂಶವನ್ನು ಸಿದ್ಧಪಡಿಸಿತು. 2002ರ ಹೊತ್ತಿಗೆ ರಾಜ್ಯದ ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ, 67 ಲಕ್ಷ ರೈತರಿಗೆ ಸೇರಿದ ಸುಮಾರು ಎರಡು ಕೋಟಿ ದಾಖಲೆಗಳು ಯಂತ್ರವನ್ನೇರಿದ್ದವು. ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ದಾಖಲೆಗಳೂ ಅವುಗಳಲ್ಲಿ ಸೇರಿದ್ದವು. ಪ್ರತಿ ತಾಲ್ಲೂಕಿನ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯಲ್ಲೇ ಇರಿಸಿದ ಯಂತ್ರದಲ್ಲಿದ್ದವು. ಅದನ್ನು ತೆರೆಯಬೇಕಾದರೆ ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಒತ್ತಬೇಕಾಗಿತ್ತು. ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟ ರೈತನಿಗೆ ಪಹಣಿಯ ಅಚ್ಚುಪ್ರತಿ ದೊರೆಯುತ್ತಿತ್ತು. ಕೆಲಸ ನಡೆಯುವುದನ್ನು ತಾನೂ ನೋಡಲೆಂದು ಅವನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದಿತ್ತು. ಇದು ಸಣ್ಣ ಏರ್ಪಾಡೇನೂ ಅಲ್ಲ.

ಎಲ್ಲವನ್ನೂ ಬೆಂಗಳೂರಿನ ಒಂದೇ ದೊಡ್ಡ ಯಂತ್ರದಲ್ಲಿ ಇಡಬಾರದಾಗಿತ್ತೆ? ಆ ದಿನಗಳಲ್ಲಿ ತಾಲ್ಲೂಕು ಕಚೇರಿಗಳಿಗೂ ರಾಜಧಾನಿಗೂ ನಂಬಿಕೆಗೆ ಅರ್ಹವಾದ ಸಂಪರ್ಕವಿರಲಿಲ್ಲ. ತಂತಿ ಕಡಿದರೆ ಔರಾದದ ರೈತನು ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಮುಂದೆ ಕುಳಿತಿರಬೇಕಾಗುತ್ತಿತ್ತು. ಯಂತ್ರವು ತಾಲ್ಲೂಕಿನಲ್ಲೇ ಇದ್ದರೆ ಅದು ಕೆಟ್ಟಾಗ ತೊಂದರೆ ಆ ಒಂದು ತಾಲ್ಲೂಕಿಗೆ ಮಾತ್ರ. ಮುಂದೆ ಸರ್ಕಾರದ ಸ್ವಂತ ಸಂಪರ್ಕಜಾಲವು ತಾಲ್ಲೂಕುಗಳವರೆಗೆ ಬಂದಿತು. ಬೆಂಗಳೂರಿನಲ್ಲಿ ರಾಜ್ಯ ದತ್ತಾಂಶ ಕೇಂದ್ರ ನಿಂತಿತು. ಆಗ 177 ಕಡೆ ಯಂತ್ರಗಳನ್ನು ಕಾಯುವುದಕ್ಕಿಂತ ಒಂದೆಡೆ ಕಾಯುವುದೇ ಲೇಸೆನಿಸಿ ದಾಖಲೆಗಳು ಅಲ್ಲಿಗೆ ಸಾಗಿದವು. ಇಂದು ಪಹಣಿಯನ್ನು ಜಾಲತಾಣದ ಮೂಲಕವೇ ನೋಡಬಹುದಾಗಿದೆ. ಮೊದಲನೆಯ ಆಯ್ಕೆಯೂ ಸರಿಯಾಗಿತ್ತು, ಎರಡನೆಯದೂ ಸರಿಯಾಗಿದೆ. ನಡುವೆ ಬದಲಾದುದು ದಾರಿ.

ಇನ್ನು ಕೆಲಸದ ಅಳತೆ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಜಾತ್ರೆ ಕೂಡುತ್ತದೆ. ಊರಿನವರಿಗೆ ವರ್ಷವೆಲ್ಲ ಸಾಕಾಗುವ ಬಾವಿ ಜಾತ್ರೆಯ ಜನಕ್ಕೆ ಸಾಕಾಗಲಾರದು. ಜಾಲತಾಣಗಳಿಗೂ ಇಂತಹ ಜಾತ್ರೆಯ ದಿನಗಳಿವೆ. ವರ್ಷದ ಸರಾಸರಿಯನ್ನು ನೋಡಿ ಸರ್ವರನ್ನು ಆರಿಸಿದವನು ಆ ದಿನ ಮುಖ ತಗ್ಗಿಸಬೇಕಾಗುತ್ತದೆ.

ಫಲಿತಾಂಶದ ದಿನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಕುಳಿತಿದ್ದಾರೆ. ಲೆಕ್ಕದ ಅನುಕೂಲಕ್ಕಾಗಿ ಎಂಟು ಲಕ್ಷವೆಂದೇ ಇಟ್ಟುಕೊಂಡು, ಒಂದು ಅಂಕಪಟ್ಟಿಯ ಪುಟವು 50 ಕಿಲೋಬೈಟ್ ಇದೆಯೆಂದೂ ಎಲ್ಲರೂ ಒಂದು ಗಂಟೆಯೊಳಗೆ ಒಂದೊಂದು ಸಲ ಮಾತ್ರ ನೋಡುತ್ತಾರೆಂದೂ ಭಾವಿಸೋಣ. ಆಗ ಸರ್ವರ್ ಸೆಕೆಂಡಿಗೆ ಸುಮಾರು 222 ಕರೆಗಳಿಗೆ ಉತ್ತರ ಕೊಡಬೇಕು. ಸೆಕೆಂಡಿಗೆ 89 ಮೆಗಾಬಿಟ್‌ನಷ್ಟು ಮಾಹಿತಿ ಹೊರಗೆ ಹರಿಯಬೇಕು. ಇದು ಒಂದು ಒಳ್ಳೆಯ ಯಂತ್ರಕ್ಕೆ ಭಾರವಲ್ಲ. ಆದರೆ ಒಂದು ಗಂಟೆ ತಾಳ್ಮೆಯಿಂದ ಕಾಯುವ ವಿದ್ಯಾರ್ಥಿ ಎಲ್ಲಿದ್ದಾನೆ? ಎಲ್ಲರೂ ಮೊದಲ ಹತ್ತು ನಿಮಿಷದಲ್ಲೇ ಬಂದು, ಚಕ್ರ ತಿರುಗುವುದನ್ನು ಕಂಡು ಐದೈದು ಸಲ ಒತ್ತಿದರೆ ಕರೆಗಳು ಸೆಕೆಂಡಿಗೆ ಸುಮಾರು 6,667 ಆಗುತ್ತವೆ. ಭಾರವು ಮೂವತ್ತು ಪಟ್ಟು ಹೆಚ್ಚಿತು. ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಮಾತ್ರ ಒಬ್ಬರೂ ಹೆಚ್ಚಾಗಿಲ್ಲ!

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಅದೇ ಪುಟವನ್ನು ಬಣ್ಣದ ಚಿತ್ರಗಳಿಂದ ಸಿಂಗರಿಸಿ 2,000 ಕಿಲೋಬೈಟ್ ಮಾಡಿದರೆ ಹರಿಯಬೇಕಾದ ಮಾಹಿತಿ ನಲವತ್ತು ಪಟ್ಟಾಗುತ್ತದೆ. ಆದುದರಿಂದ ದೊಡ್ಡ ಸರ್ವರನ್ನು ಹುಡುಕುವ ಮೊದಲು ಪುಟವನ್ನು ಹಗುರಗೊಳಿಸಬೇಕು. ಇದಕ್ಕೆ ಹಣ ಖರ್ಚಾಗುವುದಿಲ್ಲ; ಬಹುಶಃ ಅದಕ್ಕಾಗಿಯೇ ಈ ಉಪಾಯವನ್ನು ಬಹಳ ಜನ ಮರೆಯುತ್ತಾರೆ.

ಯಂತ್ರದ ಒಳಗೆ ನೋಡಬೇಕಾದವು ಮುಖ್ಯವಾಗಿ ಪ್ರೊಸೆಸರ್, ಸ್ಮರಣೆ ಮತ್ತು ಡಿಸ್ಕುಗಳು. ಪ್ರೊಸೆಸರ್ ಲೆಕ್ಕ ಮಾಡುವ ಅಂಗ. ಇಂದಿನ ಪ್ರೊಸೆಸರ್‌ನಲ್ಲಿ ಹತ್ತಾರು ತಿರುಳುಗಳಿದ್ದು, ಅವು ಏಕಕಾಲಕ್ಕೆ ಬೇರೆಬೇರೆ ಕರೆಗಳನ್ನು ನೋಡಿಕೊಳ್ಳುತ್ತವೆ. ಆದರೆ ಪುಟಗಳನ್ನು ತೆಗೆದುಕೊಡುವ ಕೆಲಸದಲ್ಲಿ ಪ್ರೊಸೆಸರ್‌ಗಿಂತ ಸ್ಮರಣೆಯೇ ಎಷ್ಟೋ ಸಲ ಮೊದಲು ಸಾಲದೆ ಬರುತ್ತದೆ. ಅಂಗಡಿಯವನು ಪದೇಪದೇ ಕೇಳುವ ಸಾಮಾನನ್ನು ಕೈಗೆಟಕುವಂತೆ ಗಲ್ಲಾಪೆಟ್ಟಿಗೆಯ ಬಳಿ ಇಟ್ಟು ಉಳಿದುದನ್ನು ಉಗ್ರಾಣದಲ್ಲಿ ಇಡುವಂತೆ, ಸರ್ವರ್ ಬೇಡಿಕೆಯ ಪುಟಗಳನ್ನು ಸ್ಮರಣೆಯಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಸ್ಥಳ ಸಾಲದಾದರೆ ಪ್ರತಿಸಲವೂ ಉಗ್ರಾಣಕ್ಕೆ, ಎಂದರೆ ಡಿಸ್ಕಿಗೆ, ಓಡಬೇಕು. ತಿರುಗುವ ತಟ್ಟೆಯ ಹಳೆಯ ಡಿಸ್ಕುಗಳಲ್ಲಿ ಈ ಓಟ ನಿಧಾನ. ತಿರುಗುವ ಭಾಗಗಳೇ ಇಲ್ಲದ ಹೊಸ ಬಗೆಯ ಡಿಸ್ಕುಗಳಲ್ಲಿ ಬಹಳ ವೇಗ. ದಾಖಲೆಗಳನ್ನು ಇಡುವ ಸರ್ವರ್‌ಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಬಗೆಯ ಸ್ಮರಣೆ ಇರಬೇಕು. ಒಂದು ಸರ್ವೆ ನಂಬರಿನಲ್ಲಿ ಸೊನ್ನೆಯೊಂದು ಹೆಚ್ಚುಕಡಿಮೆಯಾದರೆ ಯಾರ ಹೊಲ ಯಾರದಾದೀತೋ ಹೇಳಬರುವಂತಿಲ್ಲ.

ಯಂತ್ರ ಎಷ್ಟೇ ಬಲಶಾಲಿಯಾದರೂ ಹೊರಗೆ ಹೋಗುವ ದಾರಿ ಇಕ್ಕಟ್ಟಾಗಿದ್ದರೆ ಫಲವಿಲ್ಲ. ಬೀದರದ ನೌಬಾದಿನಲ್ಲಿ ಹದಿನೈದನೆಯ ಶತಮಾನದ ಸುರಂಗ ಬಾವಿಯೊಂದಿದೆ. ನೆಲದಾಳದ ನೀರನ್ನು ಸುರಂಗದ ಮೂಲಕ ದೂರಕ್ಕೆ ಹರಿಸುವ ಈ ಏರ್ಪಾಡನ್ನು ಪರ್ಷಿಯಾದಿಂದ ಬಂದ ಬಲ್ಲವರು ಬಹಮನಿ ಅರಸರ ಕಾಲದಲ್ಲಿ ಇಲ್ಲಿಗೆ ತಂದರು. ಒರತೆ ಎಷ್ಟೇ ಇರಲಿ, ಸುರಂಗದ ಅಗಲಕ್ಕಿಂತ ಹೆಚ್ಚು ನೀರು ಹೊರಬರುವುದಿಲ್ಲ. ಸರ್ವರ್‌ಗೆ ಜೋಡಿಸಿದ ಸಂಪರ್ಕದ ಅಗಲವೂ ಹಾಗೆಯೇ. ಮಾರುವವರ ಪಟ್ಟಿಗಳಲ್ಲಿ ಇದರ ಎದುರಿಗೆ ‘ಅಪರಿಮಿತ’ ಎಂಬ ಮಾತು ಕಾಣುವುದುಂಟು. ಯಾವ ಸುರಂಗವೂ ಅಪರಿಮಿತವಲ್ಲ. ಸೆಕೆಂಡಿಗೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳುವುದೇ ಜಾಣತನ.

ದೂರವೂ ಲೆಕ್ಕಕ್ಕೆ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೀದರದಿಂದ ಬೆಂಗಳೂರಿಗೆ 700 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು ಏಳು ಮಿಲಿಸೆಕೆಂಡು ಸಾಕು. ಸರ್ವರ್ ಅಮೆರಿಕದಲ್ಲಿದ್ದು ದಾರಿಯು 14,000 ಕಿಲೋಮೀಟರ್ ಆದರೆ 140 ಮಿಲಿಸೆಕೆಂಡು ಬೇಕು. ಕಣ್ಣೆವೆ ಇಕ್ಕುವಷ್ಟು ಹೊತ್ತು ತಾನೆ ಎನ್ನಬಹುದು. ಆದರೆ ಒಂದು ಪುಟ ಪೂರ್ತಿಯಾಗಿ ತೆರೆಯಲು ಇಂತಹ ಇಪ್ಪತ್ತು ಸುತ್ತುಗಳು ಒಂದಾದ ಮೇಲೊಂದು ಬೇಕಾದರೆ, ಮೊದಲನೆಯದರಲ್ಲಿ ಒಂದು ಸೆಕೆಂಡಿನ ಏಳನೆಯ ಒಂದು ಪಾಲು, ಎರಡನೆಯದರಲ್ಲಿ ಸುಮಾರು ಮೂರು ಸೆಕೆಂಡು. ಬೀದರದವರಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ. ಅಲ್ಲಿಯೂ ದೊಡ್ಡ ದತ್ತಾಂಶ ಕೇಂದ್ರಗಳಿವೆ. ಆದರೂ ಇವೆರಡರ ನಡುವಿನ ವ್ಯತ್ಯಾಸವು ನೋಡುವವನ ಅನುಭವಕ್ಕೆ ಬರುವಷ್ಟಿಲ್ಲ.

ಹಾಗಾದರೆ ಬೀದರದ ಸ್ವಂತ ಕಟ್ಟಡದಲ್ಲೇ ಸರ್ವರ್ ಇರಿಸಿದರೇನು? ಇರಿಸಬಹುದು, ಅದನ್ನು ಸಾಕುವುದು ಕಷ್ಟ. 400 ವಾಟ್ ವಿದ್ಯುತ್ತನ್ನು ಬಳಸುವ ಒಂದು ಸರ್ವರ್ ದಿನಕ್ಕೆ 9.6 ಯೂನಿಟ್, ತಿಂಗಳಿಗೆ 288 ಯೂನಿಟ್ ನುಂಗುತ್ತದೆ. ನುಂಗಿದುದೆಲ್ಲವೂ ಕೊನೆಗೆ ಶಾಖವಾಗಿ ಹೊರಬರುತ್ತದೆ. ಬೀದರ ನಗರವು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದ್ದರೂ ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ಸರ್ವರ್‌ನೊಳಗೆ ಸೇರುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇದ್ದರೆ ಚೆನ್ನ. ಆದುದರಿಂದ ಯಂತ್ರಕ್ಕೆ ವಿದ್ಯುತ್ತು, ಯಂತ್ರವನ್ನು ತಣಿಸಲು ಮತ್ತೆ ವಿದ್ಯುತ್ತು, ಕರೆಂಟು ಹೋದಾಗ ಬ್ಯಾಟರಿ, ಬ್ಯಾಟರಿ ತೀರಿದಾಗ ಜನರೇಟರ್, ಇಷ್ಟೂ ಬೇಕು. ಇವನ್ನೆಲ್ಲ ಒಂದೇ ಕಡೆ ಒದಗಿಸಿ ನೂರಾರು ಯಂತ್ರಗಳನ್ನು ಕಾಯುವ ದತ್ತಾಂಶ ಕೇಂದ್ರದಲ್ಲಿ ಸರ್ವರನ್ನು ಬಾಡಿಗೆಗೆ ಪಡೆಯುವುದು ಹೆಚ್ಚಿನವರಿಗೆ ಅಗ್ಗವಾಗುವುದು ಇದರಿಂದಲೇ.

ಬಾಡಿಗೆಯ ಕರಾರಿನಲ್ಲಿ ‘ನೂರಕ್ಕೆ 99ರಷ್ಟು ಕಾಲ ಕೆಲಸ ಮಾಡುವುದು’ ಎಂದು ಬರೆದಿರಬಹುದು. ಪರೀಕ್ಷೆಯಲ್ಲಿ 99 ಅಂಕವೆಂದರೆ ಬಹಳವಾಯಿತು. ಸರ್ವರ್‌ನ ವಿಷಯದಲ್ಲಿ ಮಾತ್ರ ಉಳಿದ ಒಂದು ಅಂಕವನ್ನೇ ನೋಡಬೇಕು. ವರ್ಷದಲ್ಲಿ 8,760 ಗಂಟೆಗಳು. ಅದರ ನೂರರಲ್ಲೊಂದು ಪಾಲು 87 ಗಂಟೆಗೂ ಮಿಕ್ಕು, ಎಂದರೆ ಮೂರೂವರೆ ದಿನಕ್ಕೂ ಹೆಚ್ಚು. 99.9 ಎಂದಿದ್ದರೆ ಅದು ಒಂಬತ್ತು ಗಂಟೆಯೊಳಕ್ಕೆ ಇಳಿಯುತ್ತದೆ. ಆ ಒಂಬತ್ತು ಗಂಟೆಗಳು ಫಲಿತಾಂಶದ ದಿನವೇ ಬಂದರೆ ಏನಾಗುವುದೆಂದು ಕರಾರಿನಲ್ಲಿ ಬರೆದಿರುವುದಿಲ್ಲ.

ಮೀಸಲು ಸರ್ವರನ್ನು ಪಡೆದವನು ಅದರ ಕಾವಲುಗಾರನೂ ಆಗಬೇಕು. ತಂತ್ರಾಂಶದ ದೋಷಗಳು ಬೆಳಕಿಗೆ ಬಂದಂತೆ ಅವುಗಳಿಗೆ ತಿದ್ದುಪಡಿಗಳು ಹೊರಡುತ್ತವೆ. ಅವನ್ನು ಆಗಿಂದಾಗ ಹಾಕುತ್ತಿರಬೇಕು. ಈ ಕೆಲಸ ಬಲ್ಲವರು ಕೈಕೆಳಗಿಲ್ಲದಿದ್ದರೆ ಮೇಲ್ವಿಚಾರಣೆಯನ್ನೂ ಸೇರಿಸಿ ಬಾಡಿಗೆಗೆ ಕೊಡುವವರಿದ್ದಾರೆ. ಹಣ ಹೆಚ್ಚು ಕೊಡಬೇಕಾದರೂ ಬಾಗಿಲು ತೆರೆದಿಟ್ಟು ಮಲಗುವುದಕ್ಕಿಂತ ಅದು ಮೇಲು.

ಕಟ್ಟಕಡೆಗೆ ಪ್ರತಿಯ ಮಾತು. ಸರ್ವರ್‌ಗಳಲ್ಲಿ ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದೆಲ್ಲ ಇನ್ನೊಂದರಲ್ಲೂ ಮೂಡುವಂತೆ ಮಾಡುವುದು ವಾಡಿಕೆ. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಿರಲೆಂದು ಈ ಏರ್ಪಾಡು. ಆದರೆ ಇದು ಪ್ರತಿಯಲ್ಲ. ಕೈತಪ್ಪಿ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಸಿಹೋಗುತ್ತದೆ, ಬೆಂಕಿ ಬಿದ್ದರೆ ಎರಡೂ ಸುಡುತ್ತವೆ. ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ 2021ನೆಯ ಮಾರ್ಚ್ 10ರಂದು ಓವಿಎಚ್ ಎಂಬ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಜನರಿಗೆ ಅಪಾಯವಾಗಲಿಲ್ಲ. ಆದರೆ ಅಸಂಖ್ಯ ಜಾಲತಾಣಗಳು ಒಂದೇ ರಾತ್ರಿಯಲ್ಲಿ ಕಣ್ಮರೆಯಾದವು. ಬೇರೆ ಊರಿನಲ್ಲಿ ಪ್ರತಿಯನ್ನು ಇರಿಸಿದ್ದವರು ಮರಳಿ ಎದ್ದುನಿಂತರು, ಇರಿಸದವರಲ್ಲಿ ಹಲವರು ಎಲ್ಲವನ್ನೂ ಕಳೆದುಕೊಂಡರು.

ಬೀದರದ ಮಕ್ಕಳಿಗೆ ಇದನ್ನು ತಿಳಿಯಲು ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ನಗರದ ನಡುವೆ ಇಂದಿಗೂ ನಿಂತಿದೆ. ಅದರ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಮೊಗಲರ ಕಾಲದಲ್ಲಿ ಆ ಕಟ್ಟಡದಲ್ಲಿ ಸೈನಿಕರು ಬೀಡುಬಿಟ್ಟರು. ಸಿಡಿಮದ್ದನ್ನೂ ಅಲ್ಲಿಯೇ ಶೇಖರಿಸಿದರು. 1696ರಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಪಾಲೂ ಎರಡು ಮಿನಾರುಗಳಲ್ಲಿ ಒಂದೂ ಕುಸಿದುಬಿದ್ದವು. ಉಳಿದ ಮಿನಾರಿನ ಮೇಲಿನ ಬಣ್ಣದ ಹೆಂಚುಗಳನ್ನು ಈಗಲೂ ನೋಡಬಹುದು. ಆ ಭಂಡಾರದ ಗ್ರಂಥಗಳನ್ನು ಅಲ್ಲಿ ನೋಡುವಂತಿಲ್ಲ. ಅಂದು ಒಂದು ಹಸ್ತಪ್ರತಿಗೆ ಇನ್ನೊಂದು ಪ್ರತಿ ಮಾಡಲು ಲಿಪಿಕಾರನಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಇಂದು ಇಡೀ ತಾಲ್ಲೂಕಿನ ದಾಖಲೆಗಳನ್ನು ಒಂದು ರಾತ್ರಿಯಲ್ಲಿ ಬೇರೊಂದು ನಗರದ ಯಂತ್ರಕ್ಕೆ ಸಾಗಿಸಬಹುದು.

ಸಾಗಿಸಿದ ಪ್ರತಿ ಸರಿಯಾಗಿದೆಯೇ ಎಂಬುದು ಅದನ್ನು ತೆರೆದು ನೋಡುವವರೆಗೆ ತಿಳಿಯುವುದಿಲ್ಲ. ಆದುದರಿಂದ ಸರ್ವರ್‌ನ ಹೊಣೆ ಹೊತ್ತವರು ಜನರ ಕರೆ ಕಡಿಮೆಯಿರುವ ಭಾನುವಾರವೊಂದನ್ನು ಆರಿಸಿಕೊಳ್ಳುತ್ತಾರೆ. ಪ್ರತಿಯನ್ನು ಖಾಲಿ ಯಂತ್ರವೊಂದಕ್ಕೆ ಇಳಿಸಿ, ಯಾವುದಾದರೂ ಹಳ್ಳಿಯ ಯಾವುದಾದರೂ ಒಂದು ಸರ್ವೆ ನಂಬರನ್ನು ಒತ್ತಿ, ಪಹಣಿ ಪರದೆಯ ಮೇಲೆ ಮೂಡುವುದೇ ಎಂದು ಕಾಯುತ್ತಾರೆ.